ಟವೆಲ್ಲಿನ ಮರೆಯಿಂದ ಆರು ಪರದೆಗಳವರೆಗೆ

ಕಂಪ್ಲಿ ಬಳಿಯ ನಮ್ಮ ಎಮ್ಮಿಗನೂರಿನಲ್ಲಿ (ಆಂಧ್ರದ ನೇಕಾರರ ಎಮ್ಮಿಗನೂರು ಬೇರೆ) ಬೆಲೆಯ ಮಾತು ಎಂದರೆ ಬಹುಕಾಲ ಭತ್ತದ ಬೆಲೆಯ ಮಾತೇ ಆಗಿತ್ತು. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಸೋನಾ ಮಸೂರಿ ಚೀಲಕ್ಕೆ ಎಷ್ಟಾಯಿತು, ಗಿರಣಿಯವರು ಈ ವಾರ ಎತ್ತುತ್ತಾರೋ ಇಲ್ಲವೋ ಎಂಬಷ್ಟರಲ್ಲಿ ಚಹಾದಂಗಡಿಯ ಅರ್ಥಶಾಸ್ತ್ರ ಮುಗಿಯುತ್ತಿತ್ತು. ಕಳೆದ ನಾಲ್ಕೈದು ವರ್ಷಗಳಿಂದ ಅಲ್ಲಿ ಇನ್ನೊಂದು ಮಾತು ಸೇರಿಕೊಂಡಿದೆ. ಡಿಗ್ರಿ ಮುಗಿಸಿ ಮನೆಯಲ್ಲಿರುವ ಹುಡುಗರು ಬೆಳಿಗ್ಗೆ 9 ಗಂಟೆ 15 ನಿಮಿಷಕ್ಕೆ ಫೋನು ಹಿಡಿದು ಕೂರುತ್ತಾರೆ, ಮಧ್ಯಾಹ್ನ ಮೂರೂವರೆಗೆ ಏಳುತ್ತಾರೆ. ಅವರಲ್ಲಿ ಒಂದಿಬ್ಬರು ಫೋನು ಸಾಲದು, ಕಂಪ್ಯೂಟರೇ ಬೇಕು ಎಂಬ ಹಂತಕ್ಕೆ ಬಂದಿದ್ದಾರೆ. ಚರಿತ್ರೆಯ ಪಾಠ ಹೇಳುವ ನನ್ನ ಹತ್ತಿರ ಬಂದು, ಟ್ರೇಡಿಂಗ್‌ಗೆ ಯಾವ ಪ್ರೊಸೆಸರ್ ಒಳ್ಳೆಯದು ಎಂದು ಕೇಳುತ್ತಾರೆ.

ಈ ಪ್ರಶ್ನೆಗೆ ಅಂಗಡಿಯವನು ಎರಡು ನಿಮಿಷದಲ್ಲಿ ಉತ್ತರ ಕೊಡುತ್ತಾನೆ. ನನಗೆ ಅಷ್ಟು ಬೇಗ ಕೊಡಲಾಗುವುದಿಲ್ಲ. ಈ ಪ್ರಶ್ನೆಯ ಹಿಂದೆ ಒಂದು ನಂಬಿಕೆ ಇದೆ. ವೇಗವಾದ ಯಂತ್ರ ಕೊಂಡರೆ ಪೇಟೆಯಲ್ಲಿ ಮುಂದಿನ ಸಾಲಿಗೆ ಹೋಗಬಹುದು ಎಂಬ ನಂಬಿಕೆ ಅದು. ಪೇಟೆಗೆ ವೇಗ ಬಂದದ್ದು ಹೇಗೆ, ಯಾರಿಗಾಗಿ ಬಂತು ಎಂದು ನೋಡದೆ ಆ ನಂಬಿಕೆಯನ್ನು ತೂಗುವುದು ಕಷ್ಟ. ಅದನ್ನು ನೋಡಲು ನಮ್ಮ ಸೀಮೆಗಿಂತ ಒಳ್ಳೆಯ ಜಾಗ ಹುಡುಕಬೇಕಾಗಿಲ್ಲ.

ಇಲ್ಲಿಂದ ಒಂದು ತಾಸಿನ ದಾರಿಯಲ್ಲಿರುವ ಹಂಪಿಯಿಂದಲೇ ಶುರು ಮಾಡೋಣ. 1443ರಲ್ಲಿ ಬಂದ ಅಬ್ದುರ್ ರಜಾಕ್, 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯೆಸ್ ಇಬ್ಬರೂ ಇಲ್ಲಿನ ಬಜಾರುಗಳನ್ನು ಬಣ್ಣಿಸಿದ್ದಾರೆ. ಮುತ್ತು ಮಾಣಿಕ್ಯಗಳ ಮಾರಾಟದ ಆ ವರ್ಣನೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದಿಟ್ಟ ಒಂದು ಸಂಗತಿ. ಸಾಳುವ ನರಸಿಂಹನ ಕಾಲದಲ್ಲಿ ಹೊರ್ಮುಜ್, ಏಡನ್‌ಗಳಿಂದ ಸಮುದ್ರದ ಮೇಲೆ ಕುದುರೆಗಳು ಬರುತ್ತಿದ್ದವು. ಮೂರು ಕುದುರೆಗೆ ಸಾವಿರ ಪರ್ದಾವ್ ಎಂಬ ದರ. ದಾರಿಯಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ರಾಜ ಪೂರ್ತಿ ಹಣ ಕೊಡುತ್ತಿದ್ದನಂತೆ.

ಇದನ್ನು ರಾಜನ ಔದಾರ್ಯ ಎಂದು ಓದುವವರಿದ್ದಾರೆ. ವ್ಯಾಪಾರದ ಕಣ್ಣಿನಿಂದ ಓದಿದರೆ ಬೇರೆ ಅರ್ಥ ಕಾಣುತ್ತದೆ. ಯುದ್ಧಕ್ಕೆ ಕುದುರೆ ಬೇಕೇ ಬೇಕು, ಅದು ಶತ್ರುವಿನ ಕೈ ಸೇರಬಾರದು. ಹಾಗಾಗಿ ಸಮುದ್ರದ ಅಪಾಯವನ್ನು ರಾಜ ತನ್ನ ಬೊಕ್ಕಸದ ಮೇಲೆ ಹಾಕಿಕೊಂಡ. ಪ್ರತಿ ಪೇಟೆಯಲ್ಲೂ ಇಂಥ ಒಂದು ಬಾಲದ ಲೆಕ್ಕ ಇದ್ದೇ ಇರುತ್ತದೆ. ದಾರಿಯಲ್ಲಿ ಸತ್ತದ್ದಕ್ಕೆ ಯಾರು ಹಣ ಕೊಡುತ್ತಾರೆ ಎಂಬುದೇ ಆ ಲೆಕ್ಕ. ಅಲ್ಲಿ ಕೊಟ್ಟವನು ರಾಜ. ಆತನಿಗೆ ಕೊಡುವ ಶಕ್ತಿಯಿತ್ತು.

ಸಾಮಾನ್ಯರ ಪೇಟೆಗೆ ಬಂದರೆ ಕಥೆ ಬೇರೆ. ದನದ ಸಂತೆ ಕಂಡವರಿಗೆ ಟವೆಲ್ಲಿನ ವ್ಯಾಪಾರ ಗೊತ್ತಿರುತ್ತದೆ. ಕೊಳ್ಳುವವನೂ ದಲ್ಲಾಳಿಯೂ ಕೈಮೇಲೆ ಟವೆಲ್ ಮುಚ್ಚಿಕೊಂಡು, ಅದರ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ದರ ಹೇಳುತ್ತಾರೆ. ಎಷ್ಟು ಬೆರಳು ಹಿಡಿದರೆ ಎಷ್ಟು ಎಂಬುದು ಇಬ್ಬರಿಗೂ ಗೊತ್ತು. ಪಕ್ಕದಲ್ಲೇ ನಿಂತ ಎತ್ತಿನ ಒಡೆಯನಿಗೆ ಕಾಣುವುದು ಟವೆಲ್ಲು ಮಾತ್ರ. ಹತ್ತಿ, ಕಾಳುಕಡಿಗಳ ಮಂಡಿಗಳಲ್ಲೂ ದೇಶದ ಅನೇಕ ಕಡೆ ಇದೇ ಪದ್ಧತಿಯಿತ್ತು. ಬೆಲೆ ಹುಟ್ಟುವ ಜಾಗ ರೈತನ ಕಣ್ಣಿನಿಂದ ಒಂದು ಗೇಣು ದೂರದಲ್ಲಿದ್ದರೂ ಅವನಿಗೆ ಕಾಣುತ್ತಿರಲಿಲ್ಲ.

ಹತ್ತಿರ ಇರುವುದರಷ್ಟೇ ಮುಖ್ಯವಾದದ್ದು ಸುದ್ದಿ ಬೇಗ ತಿಳಿಯುವುದು. ಇದಕ್ಕೆ ನಮ್ಮ ಎರೆಹೊಲಗಳೇ ಸಾಕ್ಷಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಧಾರವಾಡ, ಬಳ್ಳಾರಿ ಸೀಮೆಯ ಹತ್ತಿಗೂ ಕಂಡರಿಯದ ಬೆಲೆ ಬಂತು. ಆ ಹಣ ಮುಂಬಯಿಯಲ್ಲಿ ಷೇರು ಹುಚ್ಚಾಗಿ ಉಕ್ಕಿತು. ಪ್ರೇಮಚಂದ್ ರಾಯಚಂದ್ ಆ ಕಾಲದ ದೊಡ್ಡ ಹೆಸರು. 1865ರ ಏಪ್ರಿಲ್‌ನಲ್ಲಿ ಯುದ್ಧ ಮುಗಿಯಿತು. ಅದೇ ವರ್ಷ ಪರ್ಷಿಯಾ ಕೊಲ್ಲಿಯ ಮೂಲಕ ಭಾರತ ಯುರೋಪಿನೊಂದಿಗೆ ತಂತಿಯಲ್ಲಿ ಬೆಸೆದುಕೊಂಡಿತ್ತು. ಹತ್ತಿಯ ದರ ಬಿತ್ತು. ವಾಯಿದೆ ವ್ಯಾಪಾರದ ಲೆಕ್ಕ ತೀರಿಸಬೇಕಿದ್ದ 1865ರ ಜುಲೈ 1ರಂದು ಮುಂಬಯಿಯ ಮನೆತನಗಳು ಸಾಲಾಗಿ ಮುಳುಗಿದವು. ಪ್ರೇಮಚಂದ್ ಕೂಡ ಉಳಿಯಲಿಲ್ಲ. ತಂತಿ ಇದ್ದವನಿಗೆ ಮೊದಲು ತಿಳಿಯಿತು, ತಂತಿ ಇಲ್ಲದ ಹಳ್ಳಿಗೆ ಸುದ್ದಿಗಿಂತ ಮೊದಲು ಬಿದ್ದ ದರವೇ ಬಂದು ಮುಟ್ಟಿತು. ಎರಡು ವರ್ಷ ಕಳೆದು, 1867ರಲ್ಲಿ, ಎಡ್ವರ್ಡ್ ಕಲಹನ್ ನ್ಯೂಯಾರ್ಕಿನಲ್ಲಿ ದರಗಳನ್ನು ಕಾಗದದ ಪಟ್ಟಿಯ ಮೇಲೆ ಅಚ್ಚೊತ್ತುವ ಟಿಕರ್ ಯಂತ್ರ ತಂದ. ವ್ಯಾಪಾರಿಯ ಮೇಜಿನ ಮೇಲೆ ಕುಳಿತ ಮೊದಲ ಯಂತ್ರಗಳಲ್ಲಿ ಅದೊಂದು. ಅಂದಿನಿಂದ ವ್ಯಾಪಾರಿ ಒಂದಲ್ಲ ಒಂದು ಯಂತ್ರದ ಮುಂದೆಯೇ ಕುಳಿತಿದ್ದಾನೆ.

ಇಪ್ಪತ್ತನೆಯ ಶತಮಾನದ ಸುಧಾರಣೆಗಳೆಲ್ಲ ಟವೆಲ್ಲನ್ನು ಎತ್ತಿ ಹಾಕುವ ಪ್ರಯತ್ನಗಳು. 1928ರಲ್ಲಿ ವರದಿ ಕೊಟ್ಟ ರಾಯಲ್ ಕೃಷಿ ಆಯೋಗ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದಿತು. 1953ರವರೆಗೆ ಬಳ್ಳಾರಿ ಸೇರಿದ್ದ ಮದ್ರಾಸ್ ಪ್ರಾಂತ್ಯ 1933ರಲ್ಲಿ ವಾಣಿಜ್ಯ ಬೆಳೆಗಳ ಮಾರುಕಟ್ಟೆ ಕಾಯ್ದೆ ತಂದಿತು. ಆಮೇಲೆ ನಮ್ಮ ರಾಜ್ಯದ್ದೇ 1966ರ ಎಪಿಎಂಸಿ ಕಾಯ್ದೆ ಬಂತು. ಬಹಿರಂಗ ಹರಾಜು, ಮುಚ್ಚಿದ ಟೆಂಡರು, ಲೆಕ್ಕದ ಚೀಟಿ, ಸರಿಯಾದ ತೂಕ, ಎಲ್ಲದರ ಉದ್ದೇಶ ಒಂದೇ: ಬೆಲೆ ಹುಟ್ಟುವುದನ್ನು ಮೂರನೆಯವರು ನೋಡಬೇಕು.

ಕಂಪ್ಯೂಟರ್ ಪರದೆ ಪೇಟೆಗೆ ಕಾಲಿಟ್ಟದ್ದೂ ಹೀಗೆ ಸಾಕ್ಷಿಯಾಗಿಯೇ. ಬೆಂಗಳೂರು ಷೇರು ವಿನಿಮಯ ಕೇಂದ್ರ 1963ರಲ್ಲಿ ಶುರುವಾದಾಗ ವಹಿವಾಟೆಲ್ಲ ಒದರಾಟದ್ದು. ದಲ್ಲಾಳಿಗಳು ಅಂಗಣದಲ್ಲಿ ನಿಂತು ದರ ಕೂಗಬೇಕು, ಚೀಟಿಯಲ್ಲಿ ಬರೆದುಕೊಳ್ಳಬೇಕು. ಊರಲ್ಲಿ ಕುಳಿತ ಗಿರಾಕಿಗೆ ತನ್ನ ಷೇರು ಯಾವ ಕ್ಷಣದಲ್ಲಿ ಯಾವ ದರಕ್ಕೆ ಹೋಯಿತು ಎಂದು ಪರೀಕ್ಷಿಸುವ ದಾರಿಯಿರಲಿಲ್ಲ. ಹರ್ಷದ್ ಮೆಹ್ತಾ ಹಗರಣ ಹೊರಬಿದ್ದ 1992ರಲ್ಲೇ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ಸ್ಥಾಪನೆಯಾಯಿತು. 1994ರ ನವೆಂಬರ್‌ನಲ್ಲಿ ಅದು ಷೇರು ವಹಿವಾಟು ಆರಂಭಿಸಿತು. ಅಲ್ಲಿ ಅಂಗಣವೇ ಇರಲಿಲ್ಲ. ಊರೂರುಗಳ ದಲ್ಲಾಳಿ ಕಚೇರಿಗಳು ಉಪಗ್ರಹದ ವೀಸ್ಯಾಟ್ ಬುಟ್ಟಿಗಳ ಮೂಲಕ ಒಂದೇ ಕಂಪ್ಯೂಟರಿಗೆ ಕೂಡಿಕೊಂಡವು. ಮರು ವರ್ಷ ಮುಂಬಯಿ ಷೇರು ಪೇಟೆಯೂ ಬೋಲ್ಟ್ ಎಂಬ ಪರದೆ ವ್ಯವಸ್ಥೆಗೆ ಬಂತು, 1996ರಲ್ಲಿ ಬೆಂಗಳೂರು ಕೇಂದ್ರವೂ ಪರದೆಗೆ ತಿರುಗಿತು. ಆದರೆ ಇಡೀ ದೇಶವೇ ಒಂದು ಅಂಗಣವಾದ ಮೇಲೆ ಊರಿಗೊಂದು ಕೇಂದ್ರಕ್ಕೆ ಕೆಲಸ ಉಳಿಯಲಿಲ್ಲ. 2014ರಲ್ಲಿ ಸೆಬಿ ಬೆಂಗಳೂರು ಕೇಂದ್ರಕ್ಕೆ ನಿರ್ಗಮನದ ಆದೇಶ ಕೊಟ್ಟಿತು.

ಯಂತ್ರ ಆರಿಸುವವರು ಗಮನಿಸಬೇಕಾದ ಒಂದು ವಿಷಯ ಇಲ್ಲಿದೆ. ಈ ವಿನಿಮಯ ಕೇಂದ್ರಗಳು ತಮಗಾಗಿ ಯಂತ್ರ ಆರಿಸುವಾಗ ಏನನ್ನು ಆರಿಸಿದವು? ಎನ್‌ಎಸ್‌ಇ ಸ್ಟ್ರಾಟಸ್ ಕಂಪ್ಯೂಟರನ್ನು ಆರಿಸಿತು, ಮುಂಬಯಿಯ ಬೋಲ್ಟ್ ಟ್ಯಾಂಡಮ್ ಯಂತ್ರಗಳ ಮೇಲೆ ನಿಂತಿತು. ಈ ಎರಡು ಕಂಪನಿಗಳಿಗೆ ಹೆಸರು ಬಂದದ್ದು ವೇಗದಿಂದಲ್ಲ, ನಿಲ್ಲದೆ ನಡೆಯುವುದರಿಂದ. ಅವುಗಳೊಳಗೆ ಮುಖ್ಯ ಭಾಗಗಳೆಲ್ಲ ಜೋಡಿಯಾಗಿರುತ್ತವೆ. ಒಂದು ಕೆಟ್ಟರೆ ಇನ್ನೊಂದು ಆ ಕ್ಷಣದಲ್ಲೇ ಹೊರೆ ಹೊರುತ್ತದೆ. ಟ್ಯಾಂಡಮ್ ಎಂಬ ಹೆಸರೇ ಜೋಡಿಯನ್ನು ಹೇಳುತ್ತದೆ. ಬೇಕಾದಷ್ಟು ಹಣವಿದ್ದವರು ಕೂಡ ಮೊದಲು ನೋಡಿದ್ದು ಓಟವನ್ನಲ್ಲ, ಕುಸಿಯದ ಕಾಲನ್ನು.

ನಮ್ಮ ಜಿಲ್ಲೆಯಲ್ಲೂ ಪರದೆ ಸಾಕ್ಷಿಯಾಗಿಯೇ ಬಂದಿದೆ. ಗಣಿ ಅಕ್ರಮದ ನಂತರ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಸಂಡೂರಿನ ಸುತ್ತ ರಾಶಿಬಿದ್ದಿದ್ದ ಅದಿರನ್ನು ಉಸ್ತುವಾರಿ ಸಮಿತಿಯ ಮೂಲಕ ಇ-ಹರಾಜಿನಲ್ಲೇ ಮಾರಬೇಕು ಎಂದಿತು. 2022ರ ಮೇ ತಿಂಗಳಲ್ಲಿ ನ್ಯಾಯಾಲಯವೇ ಆ ನಿರ್ಬಂಧ ತೆಗೆಯುವವರೆಗೆ ಅದಿರಿನ ದರ ಪರದೆಯ ಮೇಲೆ ಹುಟ್ಟಿತು. ಕೃಷಿಯಲ್ಲಿ 2014ರಲ್ಲಿ ರಾಜ್ಯ ಸರ್ಕಾರ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಜೊತೆ ಸೇರಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆ ಎಂಬ ಕಂಪನಿ ಕಟ್ಟಿತು. ಎಪಿಎಂಸಿಗಳಲ್ಲಿ ಆನ್‌ಲೈನ್ ಟೆಂಡರ್ ಹಬ್ಬಿದ್ದು ಅದರಿಂದ. ಈ ಟೆಂಡರಿನಲ್ಲಿ ಒಂದು ಗಂಟೆ ಮೊದಲು ಕಡಿಮೆ ದರ ಹಾಕಿದವನಿಗೆ, ಕೊನೆಗೆ ಬಂದು ಹೆಚ್ಚು ದರ ಹಾಕಿದವನ ಮೇಲೆ ಮೇಲುಗೈ ಇಲ್ಲ. ಬೇಗ ಬಂದದ್ದಕ್ಕಿಂತ ಹೆಚ್ಚು ಕೊಟ್ಟದ್ದಕ್ಕೆ ಬೆಲೆ.

ಷೇರು ಪೇಟೆಯ ಪರದೆಯ ನಿಯಮ ಹಾಗಲ್ಲ. ಅಲ್ಲಿ ಮೊದಲು ದರ ನೋಡುತ್ತಾರೆ. ದರ ಒಂದೇ ಆದರೆ ಯಾರು ಮೊದಲು ಬಂದರು ಎಂದು ನೋಡುತ್ತಾರೆ. ನ್ಯಾಯಬೆಲೆ ಅಂಗಡಿಯ ಸಾಲಿನಂತೆ ಇದು. ದೊಡ್ಡವನಾಗಲಿ ಸಣ್ಣವನಾಗಲಿ ಸರದಿಯಲ್ಲಿ ನಿಲ್ಲಲೇಬೇಕು. ಅಂಗಣದಲ್ಲಿ ಪರಿಚಯ, ಗಂಟಲು, ತೋಳ್ಬಲ ನಡೆಯುತ್ತಿದ್ದ ಕಡೆ ಇಂಥ ನಿಯಮ ಬಂದದ್ದು ನಿಜವಾದ ನ್ಯಾಯವೇ. ಆದರೆ ಸರದಿಗೆ ಬೆಲೆ ಬಂದ ಕ್ಷಣದಲ್ಲೇ ವೇಗಕ್ಕೂ ಬೆಲೆ ಬಂತು. ಸಾಲಿನಲ್ಲಿ ಮುಂದೆ ನಿಲ್ಲಲು ಹಣ ಸುರಿಯುವವರು ಹುಟ್ಟಿಕೊಂಡರು. 2000ದಲ್ಲಿ ಇಂಟರ್ನೆಟ್ ವಹಿವಾಟಿಗೆ ಸೆಬಿ ಅನುಮತಿ ಕೊಟ್ಟಿತು. 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜೆರೋಧಾ ಒಂದು ಆರ್ಡರಿಗೆ 20 ರೂಪಾಯಿ ಎಂಬ ದರ ತಂದು, ಹಳ್ಳಿಯ ಹುಡುಗನಿಗೂ ದಿನಕ್ಕೆ ಹತ್ತು ಸಲ ಕೊಂಡು ಮಾರುವುದನ್ನು ಸಾಧ್ಯ ಮಾಡಿತು. ಹೆಚ್ಚುಕಡಿಮೆ ಅದೇ ಸಮಯದಲ್ಲಿ ಎನ್‌ಎಸ್‌ಇ ದೊಡ್ಡ ಸಂಸ್ಥೆಗಳಿಗೆ ಇನ್ನೊಂದು ಸೌಲಭ್ಯ ಕೊಟ್ಟಿತು. ಬಾಡಿಗೆ ಕಟ್ಟಿದರೆ ನಿಮ್ಮ ಕಂಪ್ಯೂಟರನ್ನು ವಿನಿಮಯ ಕೇಂದ್ರದ ಕಂಪ್ಯೂಟರ್ ಇರುವ ಕಟ್ಟಡದಲ್ಲೇ ಇಡಬಹುದು. ಇದಕ್ಕೆ ಕೋ-ಲೊಕೇಶನ್ ಎನ್ನುತ್ತಾರೆ. ಮುಂದೆ ಆ ಕಟ್ಟಡದೊಳಗೂ ಕೆಲವರಿಗೆ ಮೊದಲು ಮಾಹಿತಿ ಸಿಕ್ಕಿತೆಂಬ ದೂರು ಎದ್ದು, 2019ರಲ್ಲಿ ಸೆಬಿ ಆದೇಶ ಹೊರಡಿಸಿ, ವಿಷಯ ಮೇಲ್ಮನವಿಗೆ ಹೋಯಿತು. ಟವೆಲ್ಲಿನ ಬದಿಗೆ ನಿಲ್ಲುವ ಜಾಗ ಹೀಗೆ ಬಾಡಿಗೆಗೆ ಬಂತು.

ಈಗ ಎಮ್ಮಿಗನೂರಿನ ಮೇಜಿನ ಲೆಕ್ಕ ನೋಡೋಣ. ಇಲ್ಲಿಂದ ಮುಂಬಯಿ ಹಕ್ಕಿ ಹಾರಿದ ದಾರಿಯಲ್ಲಿ 550 ಕಿಲೋಮೀಟರಿಗೂ ಹೆಚ್ಚು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು 5ರಿಂದ 6 ಮಿಲಿಸೆಕೆಂಡ್ ಆಯಿತು. ಅದೂ ತಂತಿ ನೇರವಾಗಿದ್ದರೆ. ನಿಜದಲ್ಲಿ ಅದು ಸುತ್ತು ಹಾಕಿ, ಬ್ರೋಕರ್ ಕಂಪ್ಯೂಟರಿನ ತಪಾಸಣೆ ದಾಟಿ ಹೋಗುವುದರಿಂದ ಸಮಯ ಅದರ ಹಲವು ಪಟ್ಟಾಗುತ್ತದೆ. ಕಣ್ಣು ಕಂಡದ್ದಕ್ಕೆ ಬೆರಳು ಒತ್ತಲು ಮನುಷ್ಯನಿಗೆ ಬೇಕಾದದ್ದು ಸುಮಾರು 200 ಮಿಲಿಸೆಕೆಂಡ್. ಕೋ-ಲೊಕೇಶನ್ ಕಟ್ಟಡದ ಯಂತ್ರಗಳು ಲೆಕ್ಕ ಹಾಕುವುದು ಮೈಕ್ರೊಸೆಕೆಂಡಿನಲ್ಲಿ, ಅಂದರೆ ಮಿಲಿಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ. ನಮ್ಮ ಮೇಜಿನ ಪ್ರೊಸೆಸರ್ ಎಷ್ಟೇ ದುಬಾರಿಯದಾದರೂ ಈ ದೂರವನ್ನು ಒಂದು ಮಾರು ಕೂಡ ಕಡಿಮೆ ಮಾಡಲಾರದು.

ಪ್ರೊಸೆಸರಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. 1971ರಲ್ಲಿ ಇಂಟೆಲ್ ತಂದ 4004 ಎಂಬ ಚಿಪ್ ಜಪಾನಿನ ಬ್ಯುಸಿಕಾಮ್ ಎಂಬ ಕ್ಯಾಲ್ಕುಲೇಟರ್ ಕಂಪನಿಗಾಗಿ ಹುಟ್ಟಿದ್ದು. ಅದರಲ್ಲಿ 2,300 ಟ್ರಾನ್ಸಿಸ್ಟರ್‌ಗಳು, ಸೆಕೆಂಡಿಗೆ 7 ಲಕ್ಷ 40 ಸಾವಿರ ಬಡಿತ. 2004ರ ಹೊತ್ತಿಗೆ ಪೆಂಟಿಯಂ 4 ಸೆಕೆಂಡಿಗೆ 380 ಕೋಟಿ ಬಡಿತ ಮುಟ್ಟಿತ್ತು. 33 ವರ್ಷದಲ್ಲಿ ಐದು ಸಾವಿರ ಪಟ್ಟು. ಅಲ್ಲಿ ಶಾಖ ಅಡ್ಡ ಬಂತು. ಇನ್ನೂ ಓಡಿಸಿದರೆ ಚಿಪ್ಪು ಕಾದು ಕೆಡುತ್ತದೆ. ಮರು ವರ್ಷದಿಂದ ಕಂಪನಿಗಳು ಒಂದೇ ಚಿಪ್ಪಿನಲ್ಲಿ ಎರಡು, ನಾಲ್ಕು, ಎಂಟು ಕೋರ್‌ಗಳನ್ನು ಕೂರಿಸತೊಡಗಿದವು. ಅಲ್ಲಿಂದ ಇಲ್ಲಿಯವರೆಗೆ ಬಡಿತ ಎರಡು ಪಟ್ಟು ಕೂಡ ಆಗಿಲ್ಲ. ಒಂದು ಬಡಿತಕ್ಕೆ ಆಗುವ ಕೆಲಸ ಹೆಚ್ಚಿದೆ, ಕೆಲಸಗಾರರ ಸಂಖ್ಯೆ ಹೆಚ್ಚಿದೆ. ಎಂಟು ಎತ್ತು ಕಟ್ಟಿದರೆ ದೊಡ್ಡ ಹೊಲ ಬೇಗ ಉಳಬಹುದು. ಒಂದು ಸಾಲನ್ನು ಎಂಟು ಎತ್ತು ಸೇರಿ ಎಂಟು ಪಟ್ಟು ಬೇಗ ಉಳಲಾರವು. ಆರ್ಡರ್ ಒತ್ತುವುದು, ಒಂದು ಚಾರ್ಟ್ ಬರೆಯುವುದು ಒಂದು ಸಾಲಿನ ಕೆಲಸ. ಹತ್ತು ವರ್ಷದ ದರಗಳ ಮೇಲೆ ಒಂದು ಉಪಾಯವನ್ನು ಪರೀಕ್ಷಿಸುವುದು ದೊಡ್ಡ ಹೊಲದ ಕೆಲಸ, ಅದನ್ನು ರಾತ್ರಿಯಿಡೀ ಮಾಡಿಕೊಳ್ಳಬಹುದು.

ಕಳೆದ ವರ್ಷ ನಮ್ಮ ಓಣಿಯ ಹುಡುಗನೊಬ್ಬ ಹೊಸಪೇಟೆಯ ಅಂಗಡಿಯೊಂದರಿಂದ ಕೊಟೇಶನ್ ತಂದು ತೋರಿಸಿದ. ಅತಿ ದೊಡ್ಡ ಪ್ರೊಸೆಸರ್, 64 ಜಿಬಿ ರ‍್ಯಾಮ್, ಆಟಗಳಿಗೆ ಮಾಡಿದ ಗ್ರಾಫಿಕ್ಸ್ ಕಾರ್ಡ್, ಆರು ಮಾನಿಟರ್. ಮೂರು ಲಕ್ಷಕ್ಕೆ ಸ್ವಲ್ಪ ಕಡಿಮೆ. ಹಣ ಅಪ್ಪನ ಭತ್ತದ್ದು.

“ಮಾಮ, ಇದ್ರಾಗ ಇನ್ನೇನಾದ್ರೂ ಸೇರಿಸಬೇಕಾ?” ಅಂದ.

“ಯುಪಿಎಸ್ ಎಲ್ಲೈತಪ್ಪ?” ಅಂದೆ.

ಪಟ್ಟಿಯಲ್ಲಿ ಅದು ಇರಲಿಲ್ಲ. ಗಾಳಿಮಳೆಗೆ ಊರಿನ ಕರೆಂಟು ಹೋಗುವುದು ಅವನಿಗೂ ಗೊತ್ತಿತ್ತು. ಕರೆಂಟು ಹೋದಾಗ ಆರು ಪರದೆ ಒಟ್ಟಿಗೆ ಕಪ್ಪಾಗುತ್ತವೆ, ಕೊಂಡ ಷೇರು ಮಾತ್ರ ಮುಂಬಯಿಯಲ್ಲಿ ಏರಿಳಿಯುತ್ತಲೇ ಇರುತ್ತದೆ. ಇಬ್ಬರೂ ಕುಳಿತು ಪಟ್ಟಿ ತಿದ್ದಿದೆವು. ಇತ್ತೀಚಿನ ತಲೆಮಾರಿನ ಮಧ್ಯಮ ದರ್ಜೆಯ ಪ್ರೊಸೆಸರ್, ಐ5 ಅಥವಾ ರೈಜನ್ 5, ಆರು ಕೋರ್ ಇದ್ದರೆ ಸಾಕು. ಒಂದೊಂದು ಕೋರ್ ಎಷ್ಟು ಚುರುಕು ಎಂಬುದನ್ನು ನೋಡಬೇಕು, ಎಷ್ಟು ಕೋರ್ ಎಂಬುದನ್ನಲ್ಲ. ರ‍್ಯಾಮ್ 16 ಜಿಬಿ. ಹಳೆಯ ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಎರಡು ಮಾನಿಟರ್ ನಡೆಯುತ್ತವೆ, ಬೇರೆ ಕಾರ್ಡ್ ಬೇಡ. ವೈಫೈ ಬದಲು ರೂಟರಿನಿಂದ ನೇರ ಕೇಬಲ್. ಕಂಪ್ಯೂಟರಿಗೂ ರೂಟರಿಗೂ ಯುಪಿಎಸ್. ಇಂಟರ್ನೆಟ್ ಲೈನ್ ಸತ್ತರೆ ಬೇರೆ ಕಂಪನಿಯ ಸಿಮ್ ಇರುವ ಫೋನು, ಅದರಲ್ಲಿ ಬ್ರೋಕರ್‌ನ ಆ್ಯಪ್ ಮೊದಲೇ ತೆರೆದಿರಬೇಕು. ಗೋಡೆಯ ಮೇಲೆ ಬ್ರೋಕರ್‌ನ ದೂರವಾಣಿ ಸಂಖ್ಯೆ. ಮೊತ್ತ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿಯಿತು. ಸ್ಟ್ರಾಟಸ್, ಟ್ಯಾಂಡಮ್‌ಗಳ ಬುದ್ಧಿಯನ್ನೇ ಮನೆಯ ಅಳತೆಗೆ ತಂದದ್ದು ಇದು. ಜೋಡಿ ಇಟ್ಟುಕೋ, ನಿಲ್ಲದಂತೆ ನೋಡಿಕೋ. ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2021ರ ಫೆಬ್ರವರಿ 24ರಂದು ದೂರಸಂಪರ್ಕದ ಕೊಂಡಿಗಳಲ್ಲಿ ತೊಂದರೆಯಾಗಿ ಎನ್‌ಎಸ್‌ಇ ಬೆಳಿಗ್ಗೆ 11 ಗಂಟೆ 40 ನಿಮಿಷಕ್ಕೆ ನಿಂತದ್ದು ಮತ್ತೆ ಶುರುವಾದದ್ದು ಮಧ್ಯಾಹ್ನ ಮೂರೂ ಮುಕ್ಕಾಲಿಗೆ.

ಯಂತ್ರದ ವಿಷಯದಲ್ಲಿ ಹುಡುಗ ನನ್ನ ಮಾತು ಒಪ್ಪಿದ. ಇನ್ನೊಂದು ಮಾತೂ ಹೇಳಿದೆ, ಅದನ್ನು ಪೂರ್ತಿ ಒಪ್ಪಲಿಲ್ಲ. ಆ ಮಾತು ಸೆಬಿಯ ಲೆಕ್ಕ. 2024ರ ಜುಲೈನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2022-23ರಲ್ಲಿ ಷೇರುಗಳಲ್ಲಿ ದಿನದ ವಹಿವಾಟು ಮಾಡಿದ ಹತ್ತು ಜನರಲ್ಲಿ ಏಳು ಜನ ಕಳೆದುಕೊಂಡಿದ್ದಾರೆ. ವರ್ಷಕ್ಕೆ 500ಕ್ಕಿಂತ ಹೆಚ್ಚು ವಹಿವಾಟು ಮಾಡಿದವರಲ್ಲಿ ಕಳೆದುಕೊಂಡವರು ನೂರಕ್ಕೆ 80. 2018-19ರಲ್ಲಿ 30 ವರ್ಷದೊಳಗಿನವರು ನೂರಕ್ಕೆ 18 ಇದ್ದರೆ, 2022-23ರಲ್ಲಿ 48 ಆಗಿದ್ದಾರೆ. ಫ್ಯೂಚರ್ಸ್ ಮತ್ತು ಆಪ್ಷನ್‌ಗಳ ಲೆಕ್ಕ ಇನ್ನೂ ಕಠಿಣ. ಅದೇ ವರ್ಷ ಸೆಪ್ಟೆಂಬರ್‌ನ ವರದಿ ಹೇಳಿದಂತೆ ಮೂರು ವರ್ಷಗಳಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಎದುರು ಬದಿಯಲ್ಲಿ ಗೆದ್ದವರ ಲೆಕ್ಕವೂ ಅಲ್ಲೇ ಇದೆ. 2023-24ರಲ್ಲಿ ವಿದೇಶಿ ಹೂಡಿಕೆ ಸಂಸ್ಥೆಗಳ ಲಾಭದಲ್ಲಿ ನೂರಕ್ಕೆ 97, ಸ್ವಂತ ಹಣದಿಂದ ವಹಿವಾಟು ಮಾಡುವ ದೊಡ್ಡ ಸಂಸ್ಥೆಗಳ ಲಾಭದಲ್ಲಿ ನೂರಕ್ಕೆ 96 ಭಾಗ ಆಲ್ಗೊರಿದಮ್ ವಹಿವಾಟಿನಿಂದ ಬಂದದ್ದು. ಆರು ಪರದೆಯ ಮುಂದೆ ಕುಳಿತ ಹುಡುಗ ತಾನು ಮತ್ತೊಬ್ಬ ಹುಡುಗನೊಂದಿಗೆ ಆಡುತ್ತಿದ್ದೇನೆ ಎಂದುಕೊಂಡಿರುತ್ತಾನೆ. ಎದುರಿಗೆ ಕುಳಿತಿರುವುದು ಬಹಳ ಸಲ ಆ ಕಟ್ಟಡದೊಳಗಿನ ಯಂತ್ರ.

ಯಂತ್ರ ನಿರುಪಯೋಗಿ ಎಂದು ಇದರ ಅರ್ಥವಲ್ಲ. ಟವೆಲ್ಲಿನ ಕೆಳಗೆ ನಡೆಯುತ್ತಿದ್ದುದನ್ನು ಪರದೆ ಬಯಲಿಗೆ ತಂದಿದೆ. ತನ್ನ ಷೇರು ಯಾವ ಕ್ಷಣದಲ್ಲಿ ಯಾವ ದರಕ್ಕೆ ಹೋಯಿತು ಎಂದು ಕಂಪ್ಲಿಯವನು ಮುಂಬಯಿಯವನಷ್ಟೇ ಖಚಿತವಾಗಿ ನೋಡಬಹುದು. ಅದಕ್ಕೆ ಸಾಧಾರಣ ಕಂಪ್ಯೂಟರ್ ಧಾರಾಳ ಸಾಕು. ವಾರಕ್ಕೋ ತಿಂಗಳಿಗೋ ಒಮ್ಮೆ ಯೋಚಿಸಿ ಕೊಳ್ಳುವವನಿಗೆ ಸರದಿಯ ಮೈಕ್ರೊಸೆಕೆಂಡುಗಳಿಂದ ಏನೂ ಕಳೆದುಹೋಗುವುದಿಲ್ಲ. ತೊಂದರೆ ಶುರುವಾಗುವುದು ಸಾಕ್ಷಿಯಾಗಿ ಬಂದ ಪರದೆಯನ್ನು ಕುದುರೆ ಎಂದುಕೊಂಡು ಏರಿದಾಗ.

ಕುದುರೆಯ ಮಾತು ಬಂದದ್ದಕ್ಕೆ ನೂನಿಜ್ ಹೇಳಿದ ಬಾಲದ ಲೆಕ್ಕವನ್ನೂ ಮುಗಿಸಬೇಕು. ವಿಜಯನಗರದಲ್ಲಿ ದಾರಿಯಲ್ಲಿ ಸತ್ತ ಕುದುರೆಗೆ ಹಣ ಕೊಟ್ಟವನು ರಾಜ, ತಡೆದುಕೊಳ್ಳುವ ಶಕ್ತಿ ಇದ್ದವನು. 1865ರಲ್ಲಿ ಕೊಟ್ಟವರು ಮುಂಬಯಿಯ ಮನೆತನಗಳು ಮತ್ತು ಅವರ ಹಿಂದೆ ಹೆಸರಿಲ್ಲದ ಹತ್ತಿ ರೈತರು. ಈಗಿನ ಲೆಕ್ಕ ಸೆಬಿಯ ವರದಿಯಲ್ಲಿದೆ. ಸಾಲಿನ ಕೊನೆಯಲ್ಲಿ ನಿಂತವನು, ಬಹಳ ಸಲ ಮೂವತ್ತರ ಒಳಗಿನವನು, ಕೊಡುತ್ತಿದ್ದಾನೆ. ನಮ್ಮ ಊರಿನಲ್ಲಾದರೆ ಆ ಹಣ ಎರಡು ಬೆಳೆಯ ಭತ್ತ. ಯಾವ ಪ್ರೊಸೆಸರ್ ಎಂದು ಕೇಳುವ ಮೊದಲು ಬಾಲಕ್ಕೆ ಹಣ ಕೊಡುವವರು ಯಾರು ಎಂದು ಕೇಳಿಕೊಳ್ಳುವುದನ್ನು ನಮ್ಮ ಹುಡುಗರಿಗೆ ಚರಿತ್ರೆ ಕಲಿಸಿದರೆ, ಅದು ಓದಿದ್ದಕ್ಕೆ ಸಾರ್ಥಕ.